ಡಯಲ್ ಕೆಳಗಿನ ಕೆಂಪು ಕಲ್ಲು

ಗುಬ್ಬಿ
8-1-2025

ಪ್ರೀತಿಯ ತಮ್ಮ ಜಾವೇದ್‌ಗೆ ಭಾಯಿಯ ಸಲಾಮು.

ಕುಣಿಗಲ್ಲಿನಲ್ಲಿ ನೀನು, ಮಗಳು ಫಿಜಾ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಪ್ಪತ್ತಾರು ವರ್ಷ ಒಂದು ಸಾಲೂ ಬರೆಯದವನು ನಾನು. ತಡವಾಯಿತು ಎನ್ನಲೂ ನಾಚಿಕೆ. ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನು ಹರಿಯುವ ಮುಂಚೆ ಒಂದು ಸಲವಾದರೂ ಓದು.

ಚೇಳೂರಿನ ರಂಗಯ್ಯನವರ ಜೇಬುಗಡಿಯಾರ ಮರೆತಿರಲಾರೆ. ನಮ್ಮ ಅಂಗಡಿಗೆ ರಿಪೇರಿಗೆ ಬಂದಾಗ ಅದರೊಳಗಿನ, ಚಿನ್ನದ ಪುಟ್ಟ ಉಂಗುರದಲ್ಲಿ ಕೂರಿಸಿದ ಕೆಂಪು ಕಲ್ಲು ಕಾಣೆಯಾಯಿತು. ನೀನೇ ಕದ್ದೆ ಎಂದು ನಾನು ಪೇಟೆಯವರೆದುರು ಹೇಳಿಬಿಟ್ಟೆ. "ಡಯಲ್ ಬಿಚ್ಚಿ ನೋಡು ಭಾಯಿ, ಕೆಳಗೆ ಬಿದ್ದಿರ್ತದೆ" ಎಂದು ನೀನು ಗೋಗರೆದೆ. ಬಿರುಕು ಬಿಟ್ಟ ಪಿಂಗಾಣಿ ಡಯಲ್ ಒಡೆದೀತೆಂದು ಅವತ್ತು ನಾನು ಮುಟ್ಟಲಿಲ್ಲ. ನೀನು ಮನೆ ಬಿಟ್ಟೆ. ಕದ್ದೆಯೆಂದೇ ನಂಬಿದ ಅಮ್ಮಿ ಸಾಯುವವರೆಗೂ ನಿನ್ನ ಮುಖ ನೋಡಲಿಲ್ಲ.

ಮೊನ್ನೆ ಸೋಮವಾರ ರಂಗಯ್ಯನವರ ಮಗ ಪುಟ್ಟರಂಗಯ್ಯ ಅದೇ ಗಡಿಯಾರ ರಿಪೇರಿಗೆ ಹಿಡಿದು ಬಂದರು. ಬಿಚ್ಚಿದರೆ ಡಯಲ್ ಒಡೆಯುತ್ತದೆ ಎಂದೆ. ಜೊತೆಗೆ ಅವರ ಮಗಳು ಕೃತಿಕಾ. ಬಟವಾಡಿಯ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತಾಳೆ. "ಡಯಲ್ ಮುಟ್ಟೋದೇ ಬೇಡ ಅಂಕಲ್. ಒಳಗೇನಾಗಿದೆ ಅಂತ ಎಕ್ಸ್-ರೇಲೇ ನೋಡ್ಬೋದು. ನೀವು ಬಂದು ಕೇಸ್ ಬಿಚ್ಚಿಕೊಡಿ, ಸಾಕು" ಎಂದಳು. "ಹಳೇ ಮಾಲು, ಬಿಟ್ಬಿಡಮ್ಮ" ಅಂದೆ. ಕೇಳಬೇಕಲ್ಲ! ಬಟವಾಡಿಗೆ ಎಳೆದುಕೊಂಡೇ ಹೋದರು. ಮೆಷಿನ್ ಪಕ್ಕ ಕೂತು ಕೇಸ್ ಬಿಚ್ಚಿಕೊಟ್ಟೆ.

ಪರದೆಯಲ್ಲಿ ಚಕ್ರಗಳು ಬೂದುಬಣ್ಣದಲ್ಲಿ ಒಂದರ ಮೇಲೊಂದು ಮೂಡಿದವು. ನಾನು ಗೋಡೆ ನೋಡುತ್ತಿದ್ದೆ.

"ಇದೇನಂಕಲ್ ಅಂಚಲ್ಲಿ, ಸಾಸಿವೆಕಾಳಷ್ಟು ಉಂಗುರ? ಎಷ್ಟು ಬೆಳ್ಳಗಿದೆ!"

ಆ ಕಲ್ಲಿನ ಉಂಗುರವೇ. ಚಿನ್ನ ಎಕ್ಸ್-ರೇಯಲ್ಲಿ ಹಾಗೆ ಕಾಣುತ್ತದಂತೆ. ಪುಟ್ಟರಂಗಯ್ಯ ಪರದೆಯ ಹತ್ತಿರ ಬಗ್ಗಿದರು. "ಅಂಗಾದ್ರೆ ಜಾವೇದ್ ಕದ್ದಿರ್ಲಿಲ್ಲ, ಅಲ್ವೇನ್ರೀ ಸಾಬ್ರೇ?"

ಹೂಂ ಅಂದೆ.

ಹದಿನೇಳನೇ ತಾರೀಕು ಶುಕ್ರವಾರ, ನಮಾಜ್ ಮುಗಿಸಿ ಪುಟ್ಟರಂಗಯ್ಯನವರೊಂದಿಗೆ ಬರುತ್ತೇನೆ. ನೀನು ಕಳ್ಳನಲ್ಲವೆಂದು ನಿಮ್ಮ ಬೀದಿಯವರೆದುರೇ ಹೇಳುತ್ತೇನೆ. ಬಾಗಿಲು ತೆಗೆಯದಿದ್ದರೆ ಜಗಲಿಯಲ್ಲೇ ಕೂತಿರುತ್ತೇನೆ. ಫಿಜಾಗೆ ದೊಡ್ಡಪ್ಪನ ದುವಾ. ಅಲ್ಲಾಹ್ ನಿನ್ನ ಮನೆಯನ್ನು ತಂಪಾಗಿಡಲಿ.

ನಿನ್ನ ಭಾಯಿ,
ಖಲೀಲುಲ್ಲಾ

ತಾ.ಕ.: ಪುಟ್ಟರಂಗಯ್ಯನವರಿಗೆ ಹೇಳಲಾಗದ್ದನ್ನು ನಿನಗೆ ಹೇಳಲೇಬೇಕು. ಎಕ್ಸ್-ರೇ ನನಗೆ ಹೊಸದೇನೂ ತೋರಿಸಲಿಲ್ಲ. ನೀನು ಮನೆ ಬಿಟ್ಟ ಎಂಟನೇ ದಿನವೇ ಡಯಲ್ ಬಿಚ್ಚಿದ್ದೆ. ಕಲ್ಲು ಅಲ್ಲೇ ಇತ್ತು. ಪೇಟೆಯೆದುರು ತಲೆ ತಗ್ಗಿಸಬೇಕಾಗುತ್ತದೆಂದು ಹಾಗೇ ಮುಚ್ಚಿ, ಇನ್ನು ಇದು ನಡೆಯುವುದಿಲ್ಲವೆಂದು ರಂಗಯ್ಯನವರಿಗೆ ಗಡಿಯಾರ ವಾಪಸ್ ಕೊಟ್ಟೆ. ಅಮ್ಮಿ ಆಗ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಕೂಗಿ ಹೇಳಿದ್ದರೆ ಕೇಳಿಸುತ್ತಿತ್ತು.