ಕನ್ನಡಿಯಂತೆ ಹೊಳೆಯುವ ಸ್ಟೌ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ನಿನ್ನ ಮೂರು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಎಷ್ಟು ಬೇಕಾದರೂ ಬೈ, ಆದರೆ ಭಾವನ ಮುಂದೆ ಬೇಡ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ಎಲ್ಲರೂ ಕ್ಷೇಮ. ನಿವೃತ್ತನಾದ ಮೇಲೆ ನಾನು ಕೂಡಿಹಾಕಿದ ಹಳೆಯ ಕ್ಯಾಂಪ್ ಸ್ಟೌಗಳು ಈಗ ಇಪ್ಪತ್ತಾರು. "ಇನ್ನೊಂದು ತಂದ್ರೆ ಅದರ ಜೊತೆ ನೀವೂ ಶೆಡ್ಡಲ್ಲೇ ಮಲಗಿ" ಎಂದು ಇವಳು ಹೇಳಿಬಿಟ್ಟಿದ್ದಾಳೆ.

ನೀನು ರಿಪೇರಿಗೆ ಕೊಟ್ಟ ಅಪ್ಪನ ಸ್ಟೌ ಉರಿಯುತ್ತಿದೆ. ಪಂಪಿನ ಚರ್ಮದ ವಾಷರ್ ಒಣಗಿ ತರಗೆಲೆಯಾಗಿತ್ತು. ಹಳೆಯ ಚಪ್ಪಲಿಯಿಂದ ಹೊಸದು ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ ಹಾಕಿದೆ. ಬರ್ನರಿನಲ್ಲಿ ಕಟ್ಟಿಕೊಂಡಿದ್ದ ತೂತನ್ನು ಪಿನ್ನಿನಿಂದ ಬಿಡಿಸಿದೆ. ಸೀಮೆಎಣ್ಣೆ ತುಂಬಿ ಪಂಪ್ ಹೊಡೆದಾಗ ನೀಲಿ ಉರಿ ಎದ್ದು ಅದೇ ಭರ್ರೆನ್ನುವ ಸದ್ದು ಬಂತು. ಕಣ್ಣು ಒರೆಸಿಕೊಂಡೆ. ಹೊಗೆ ಎಂದು ಇವಳಿಗೆ ಹೇಳಿದೆ.

ನಮ್ಮ ಸಂಗ್ರಹಕಾರರ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನವೂ ಬಂತು. ತೀರ್ಪುಗಾರರು ಬಗ್ಗಿ ಟ್ಯಾಂಕಿನಲ್ಲಿ ತಮ್ಮ ಮೀಸೆ ನೋಡಿಕೊಂಡು, "ಇದನ್ನ ನೋಡ್ಕೊಂಡು ಗಡ್ಡ ಹೆರಕೋಬಹುದು ಕಣ್ರೀ, ಒಂದು ಗೀರೂ ಇಲ್ಲ" ಎಂದರು. ಎಲ್ಲರೂ ನಕ್ಕರು. ನನಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಉರಿದ್ರೆ ಸಾಕು ಕಣೋ, ಉಜ್ಜೋಕೆ ಹೋಗ್ಬೇಡ" ಎಂದು ಕೈಗೆ ಕೊಡುವಾಗಲೇ ನೀನು ಹೇಳಿದ್ದೆ. ನಾನು ಪಾಲಿಶ್ ಚಕ್ರಕ್ಕೆ ಹಿಡಿದೆ. ಅಮ್ಮ ತೀರಿಕೊಂಡ ವರ್ಷ ಅಪ್ಪ ನಿನ್ನನ್ನು ತನ್ನ ಸರ್ವೆ ಕ್ಯಾಂಪಿಗೆ ಕರೆದುಕೊಂಡು ಹೋಗಿ, ಆ ಹಿತ್ತಾಳೆಯ ಮೇಲೆ ಮೊಳೆಯಿಂದ ಅಕ್ಷರ ಗೀರಿ ಕಲಿಸಿದ್ದನಲ್ಲ, ಅವು ಯಾವುವೂ ಈಗ ಇಲ್ಲ. ಅಪ್ಪನ ನೆಟ್ಟಗಿನ 'ಅ' ಇಲ್ಲ, ಪಕ್ಕದಲ್ಲಿ ನೀನು ಗೀರಿದ ಸೊಟ್ಟ 'ಅ' ಕೂಡ ಇಲ್ಲ. ಕಿಲುಬಿನ ಕೆಳಗೆ ಅವು ನನಗೆ ಕಾಣಲಿಲ್ಲ ಅಕ್ಕ.

ಭಾನುವಾರ ಮೊಮ್ಮಗಳು ಬರುತ್ತಾಳೆ, ಅವಳ ಬೆರಳನ್ನು ಅದೇ ಅಕ್ಷರಗಳ ಮೇಲೆ ಆಡಿಸಬೇಕು ಎಂದು ಬರೆದಿದ್ದೀಯ. ಅದನ್ನು ಓದಿದ ದಿನವೇ ಬಹುಮಾನದ ಕಪ್ಪನ್ನು ವಾಪಸು ಕೊಟ್ಟೆ. ಶನಿವಾರ ನಾನೇ ಸ್ಟೌ ತರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಭಾವನನ್ನು ಬಾಗಿಲಿಗೆ ಕಳಿಸು.

ಮೊಮ್ಮಗಳಿಗೆ ನನ್ನ ಆಶೀರ್ವಾದ. ನಿನ್ನ ಆಶೀರ್ವಾದ ಕೇಳುವ ಮುಖ ನನಗಿಲ್ಲ.

ನೀನು 'ನನ್ನ ಬಾಲ' ಎಂದು ಕರೆಯುತ್ತಿದ್ದ
ನಿನ್ನ ತಮ್ಮ

ಮರೆಯುವ ಮುನ್ನ: ಕಿಲುಬಿನ ಮಾತು ಸುಳ್ಳು. ಮೊದಲ ದಿನ ಬಟ್ಟೆಯಿಂದ ಒರೆಸಿದಾಗಲೇ ಎಲ್ಲ ಅಕ್ಷರಗಳೂ ಕಂಡವು. ಕನ್ನಡಕ ಹಾಕಿಕೊಂಡು ಓದಿದೆ. ಆ ವರ್ಷ ಅಪ್ಪ ನನ್ನನ್ನು ಅತ್ತೆಯ ಮನೆಯಲ್ಲಿ ಬಿಟ್ಟು ಹೋಗಿದ್ದ. ನನಗೆಂದು ಗೀರಿದ ಒಂದು ಗೆರೆಯಾದರೂ ಇದೆಯೇ ಎಂದು ಟ್ಯಾಂಕನ್ನು ತಿರುಗಿಸಿ ತಿರುಗಿಸಿ ಹುಡುಕಿದೆ. ಇರಲಿಲ್ಲ. ಆಮೇಲೆ ಚಕ್ರ ಚಾಲೂ ಮಾಡಿದೆ.