ಕೊಕ್ಕರೆ ಕಾಣುವವರೆಗಿನ ದಾರ

ದ್ರೆನೊವ್ ಬ್ರೋದ್, ಬಲ್ಗೇರಿಯಾ
ಫೆಬ್ರವರಿ ಮೂವತ್ತು, ೨೧೮೯

ಇನ್ನೂ ಜನರಿರುವ ಕಾಲದವರಿಗೆ,

ತಾರೀಖು ನೋಡಿ ನಗಬೇಡಿ. ತಿಂಗಳುಗಳ ಉದ್ದ ಸರಿಮಾಡಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೂ ಕ್ಷಮಿಸಿ. ಹಾವೇರಿಯಿಂದ ವೈದ್ಯಕೀಯ ಓದಲು ಬಂದು ಇಲ್ಲೇ ಉಳಿದ ನಮ್ಮ ಹಿರಿಯಳೊಬ್ಬಳಿಂದ ತಲೆಮಾರು ದಾಟಿ ನನಗೆ ಸಿಕ್ಕ ಭಾಷೆ ಇದು. ಕವಿತೆ ಓದುವುದಕ್ಕಲ್ಲದೆ ಹೆಚ್ಚು ಬಳಸಿದವಳಲ್ಲ.

ನನ್ನ ಹುದ್ದೆಯ ಹೆಸರು ಜೊತೆಗಾತಿ. ನಮ್ಮ ಕಾನೂನಿನಲ್ಲಿ ಒಬ್ಬರೇ ಇರುವ ಊರು ಊರಲ್ಲ. ವಿದ್ಯುತ್ ನಿಲ್ಲಿಸಿ, ಉಳಿದ ಆ ಒಬ್ಬರನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಒಯ್ದು, ದಾರಿ ಮುಚ್ಚುತ್ತಾರೆ. ಕೊನೆಯವರು ಹೊರಡಲು ಒಪ್ಪದ ಕಡೆ ಎರಡನೆಯವರಾಗಿ ಇರಲು ನಮ್ಮಂಥವರನ್ನು ಕಳಿಸುತ್ತಾರೆ. ಇಲ್ಲಿ ಕೊನೆಯವರು ಬಾಬಾ ತ್ಸ್ವೆತಾನಾ. ಬಾಬಾ ಎಂದರೆ ಇಲ್ಲಿಯ ಮಾತಿನಲ್ಲಿ ಅಜ್ಜಿ.

ಈ ಊರು ಬರಿದಾಗತೊಡಗಿದ್ದು ನಿಮ್ಮ ಕಾಲದಲ್ಲೇ. ಸ್ಲಾವ್ ಜನರ ಎಷ್ಟೋ ನಾಡುಗಳಲ್ಲಿ ಹೀಗೇ ಆಯಿತು. ಹರೆಯದವರು ಜರ್ಮನಿಗೆ, ಇಟಲಿಗೆ ದುಡಿಯಲು ಹೋದರು. ಅವರ ಮಕ್ಕಳು ಅಲ್ಲೇ ಹುಟ್ಟಿದರು. ಇಲ್ಲಿ ಹುಟ್ಟುವವರಿಗಿಂತ ಸಾಯುವವರು ಹೆಚ್ಚಾದರು. ಮೊದಲು ಶಾಲೆ ಮುಚ್ಚಿತು, ಆಮೇಲೆ ಬೇಕರಿ, ಆಮೇಲೆ ಬಸ್ಸು ನಿಂತಿತು. ಊರು ಬಿಡುತ್ತೇನೆಂದು ಯಾರೂ ಹೇಳಿರಲಿಲ್ಲವಂತೆ. ಎಲ್ಲರೂ ಸ್ವಲ್ಪ ದಿನಕ್ಕೆಂದೇ ಹೋದವರು.

ನಾಳೆ ಮಾರ್ಚ್ ಒಂದು. ಆ ದಿನ ಇಲ್ಲಿಯವರು ಕೆಂಪು ಬಿಳಿ ದಾರ ಹೊಸೆದು ಒಬ್ಬರ ಮಣಿಕಟ್ಟಿಗೆ ಒಬ್ಬರು ಕಟ್ಟುತ್ತಾರೆ. ವಸಂತದ ಮೊದಲ ಕೊಕ್ಕರೆ ಕಂಡ ಮೇಲೆ ಬಿಚ್ಚಿ ಹಣ್ಣಿನ ಮರಕ್ಕೆ ತೂಗುಹಾಕುತ್ತಾರೆ. ಬಾಬಾ ಖಾಲಿ ಮನೆಗಳ ಗೇಟುಗಳಿಗೂ ಕಟ್ಟುತ್ತಾರೆ. ಕಳೆದ ವರ್ಷ ಹಾರುಗಣತಿ, ಅಂದರೆ ಆಕಾಶದಿಂದ ಜನರನ್ನು ಎಣಿಸುವ ಯಂತ್ರ, ಆ ಹೊಸ ದಾರಗಳನ್ನು ಕಂಡು ಮನೆಮನೆಯಲ್ಲೂ ಜನರಿದ್ದಾರೆಂದು ವರದಿ ಮಾಡಿತು. ಮುಂದಿನ ವಾರ ಊರಿಗೆಲ್ಲ ಸಾಕಾಗುವಷ್ಟು ಬ್ರೆಡ್ ಬಂತು.

“ನೋಡೇ, ಎಲ್ರೂ ಬಂದ್ಬಿಟ್ರು! ತಿನ್ನೋಕ್ ಮಾತ್ರ ನಾವಿಬ್ರೇ,” ಎಂದು ಬಾಬಾ ನಕ್ಕರು. ಆಮೇಲೆ ಉಳಿದ ಬ್ರೆಡ್ ಚೂರು ಮಾಡಿ ಹಕ್ಕಿಗಳಿಗೆ ಹಾಕಿದರು.

ಎಣಿಕೆಯ ತಪ್ಪು ತಿಳಿದ ಮೇಲೆ ನನ್ನನ್ನು ಕಳಿಸಿದ ಕಚೇರಿಯವರಿಗೆ ಈ ಊರು ಸಾಕಾಯಿತು. ಏಪ್ರಿಲ್ ಒಳಗೆ ಹೊರಡಬೇಕೆಂದು ನನಗೆ ವರ್ಗಾವಣೆಯ ಆದೇಶ ಬಂದಿದೆ. ನಾನು ಹೋದರೆ ಬಾಬಾ ಒಬ್ಬರೇ, ಊರು ಮುಚ್ಚಿದಂತೆಯೇ. ಇಂದು ಬೆಳಿಗ್ಗೆ ಅವರಿಗೆ ಹೇಳಿದೆ. ನನ್ನ ಕೈ ಎಳೆದುಕೊಂಡು ದಾರ ಕಟ್ಟತೊಡಗಿದರು.

“ಅದು ನಾಳೆ ಅಲ್ವಾ ಬಾಬಾ?”

“ಫೆಬ್ರವರಿ ಮೂವತ್ತಂತೆ! ನಾನು ಹುಡುಗಿಯಾಗಿದ್ದಾಗ ಇಷ್ಟೊತ್ತಿಗೆ ಮಾರ್ಚ್ ಬಂದಾಗಿರೋದು. ಕೈ ಅಲ್ಲಾಡಿಸ್ಬೇಡ. ಕೊಕ್ಕರೆ ಕಂಡ್ಮೇಲೆ ಹೋಗು, ಬೇಡ ಅನ್ನಲ್ಲ. ಕಾಣೋಕ್ ಮುಂಚೆ ಈ ದಾರ ಬಿಚ್ಚಂಗಿಲ್ಲ, ಊರೂ ದಾಟಂಗಿಲ್ಲ.”

ಗಂಟು ಬಿಗಿಯಾಗಿದೆ, ನನ್ನ ಬೆರಳುಗಳು ತಣ್ಣಗಾಗಿವೆ.

ನಿಮ್ಮಲ್ಲೂ ಸ್ವಲ್ಪ ದಿನಕ್ಕೆಂದು ಹೊರಡುವವರಿದ್ದಾರೆ. ಅವರನ್ನು ತಡೆಯಿರಿ ಎನ್ನುವಷ್ಟು ಶಕ್ತಿ ನನ್ನಲ್ಲಿ ಉಳಿದಿಲ್ಲ. ಸಂಜೆಯ ಬಸ್ಸನ್ನು ಮಾತ್ರ ನಿಲ್ಲಿಸಬೇಡಿ, ಅದು ದಿನವೂ ಖಾಲಿ ಬಂದರೂ ಸರಿ.

ಶಾಲೆಯ ಚಿಮಣಿಯ ಮೇಲೆ ಹಳೆಯ ಗೂಡಿದೆ. ಕೊಕ್ಕರೆಗಳು ಮಾರ್ಚ್ ತಿಂಗಳಲ್ಲೇ ಬರುತ್ತವೆ. ನಾಳೆಯಿಂದ ನಾನು ಮೇಲೆ ನೋಡದೆ, ತಲೆ ತಗ್ಗಿಸಿಯೇ ನಡೆಯುತ್ತೇನೆ.

ಶಾಲ್ಮಲಾ