ಕಾದ ನೀರು, ಕುದ್ದ ನೀರು

ಹೂವಿನಹಡಗಲಿ
೧೬-೯-೨೦೦೧, ಭಾನುವಾರ

ನನ್ನ ಮಗಳು ಸಂಗೀತಾಳಿಗೆ,

ಹೇಗಿದ್ದೀಯವ್ವಾ? ಎದೆ ಉರಿಯುತ್ತದೆ ಎಂದು ಬರೆದಿದ್ದೆ, ಈಗ ಕಡಿಮೆಯಾಯಿತೆ? ಊರಿಗೆಲ್ಲ ಮಾತ್ರೆ ಹಂಚುವವಳು ನೀನು ಮಾತ್ರ ನುಂಗುವುದಿಲ್ಲ, ನನಗೆ ಗೊತ್ತು. ಹಾಸ್ಟೆಲಿನ ಅನ್ನ ಒಗ್ಗದಿದ್ದರೆ ಹೇಳು, ಅವ್ವ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುತ್ತಾಳಂತೆ. ಇಲ್ಲಿ ನಾವು ಕ್ಷೇಮ. ನನ್ನ ಮೊಣಕಾಲು ಮಾತ್ರ ನನಗಿಂತ ಮೊದಲೇ ರಿಟೈರ್ ಆಗಿದೆ.

ದಾವಣಗೆರೆಯಿಂದ ನೀನು ಬರೆದ ಕಾಗದವನ್ನು ನಾಲ್ಕು ಸಲ ಓದಿದೆ. ನೀನು ನರ್ಸಿಂಗ್ ಕಲಿಯುತ್ತಿರುವ ಆಸ್ಪತ್ರೆಯಲ್ಲಿ ಹೆರಿಗೆಯ ಕತ್ತರಿಗಳನ್ನು ಆವಿಯಲ್ಲಿ ಬೇಯಿಸುವ ಯಂತ್ರ ಕೆಟ್ಟು ವಾರವಾಯಿತು, ಬರೀ ತೊಳೆದು ಬಳಸುತ್ತಿದ್ದಾರೆ, ಮೇಟ್ರನ್‌ಗೆ ಹೇಳಿದರೆ ಫೇಲ್ ಮಾಡಿಸುತ್ತೇನೆ ಎಂದು ದೊಡ್ಡ ಸಿಸ್ಟರ್ ಹೆದರಿಸಿದ್ದಾಳೆ, ಏನು ಮಾಡಲಪ್ಪಾ ಎಂದು ಕೇಳಿದ್ದೆ. ಕಂಡರೂ ಕಾಣದಂತೆ ಇದ್ದುಬಿಡು, ಇನ್ನು ಆರು ತಿಂಗಳು ತಾನೇ ಎಂದು ನಾನು ಬರೆದೆ. ಅದನ್ನು ಡಬ್ಬಿಗೆ ಹಾಕಿ ಬಂದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ನಿನ್ನವ್ವನಿಗೂ ಹೇಳದ ಒಂದು ಸಂಗತಿಯನ್ನು ನಿನಗೆ ಹೇಳುತ್ತೇನೆ. ಓದಿ ನನ್ನನ್ನು ಬೈದರೂ ಸರಿ.

ಹತ್ತು ವರ್ಷದ ಹಿಂದೆ ನಾನು ಇಲ್ಲೇ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಜವಾನನಾಗಿದ್ದೆನಲ್ಲ, ಅಲ್ಲಿ ಕೂಸುಗಳಿಗೆ ಚುಚ್ಚುವ ಗಾಜಿನ ಸಿರಿಂಜು, ಸೂಜಿಗಳನ್ನು ಕುದಿಸುವುದು ನನ್ನ ಕೆಲಸ. ಒಂದು ಗುರುವಾರ ಸೀಮೆಎಣ್ಣೆ ಮುಗಿದು ನೀರು ಕುದಿಯುವ ಮೊದಲೇ ಸ್ಟವ್ ಆರಿಹೋಯಿತು. ಹೊರಗೆ ತಾಯಂದಿರು ಕೂಸುಗಳನ್ನು ಹೊತ್ತು ಸಾಲಾಗಿ ನಿಂತಿದ್ದರು. ಎಣ್ಣೆ ಸಾಲುತ್ತಿಲ್ಲವೆಂದು ಹಿಂದಿನ ತಿಂಗಳು ಹೇಳಿದ್ದಕ್ಕೆ ಸ್ಟೋರಿನವರು "ನಿಂಗ್ಯಾಕಲೇ ಅಧಿಕಪ್ರಸಂಗ, ಕೊಟ್ಟಷ್ಟರಾಗ ಮಾಡು" ಎಂದು ಎಲ್ಲರ ಮುಂದೆ ಗದರಿದ್ದರು. ಮತ್ತೆ ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಡಾಕ್ಟರು ಒಳಗಿನಿಂದ "ನೀರು ಆಯ್ತೇನಪ್ಪಾ?" ಎಂದರು. "ಕಾದೈತ್ರಿ ಸಾಹೇಬ್ರ" ಎಂದೆ. ಕುದ್ದೈತಿ ಎನ್ನಲಿಲ್ಲ. ಜಳಕದ ನೀರಿಗೆ ನಾವು ಅನ್ನುವ ಹಾಗೆ ಕಾದೈತಿ ಎಂದೆ. ಸುಳ್ಳಂತೂ ಹೇಳಲಿಲ್ಲವಲ್ಲ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಮೈಸೂರು ಕಡೆಯ ಆ ಡಾಕ್ಟರು ಕುದ್ದಿದೆ ಎಂದೇ ತಿಳಿದು ಸೂಜಿ ಕೈಗೆತ್ತಿಕೊಂಡರು.

ಮಾಗಳದ ಜೋಗಮ್ಮನ ಮೂರು ತಿಂಗಳ ಹೆಣ್ಣುಕೂಸಿನ ತೊಡೆ ಮೂರನೇ ದಿನಕ್ಕೆ ಬಾತು ಕೀವಾಯಿತು. ಜ್ವರ ಇಳಿಯಲೇ ಇಲ್ಲ. ಬಳ್ಳಾರಿಗೆ ಒಯ್ಯುವ ದಾರಿಯಲ್ಲೇ ಕೂಸು ತೀರಿಕೊಂಡಿತು. ವಿಚಾರಣೆಗೆ ಬಂದವರ ಮುಂದೆ, ಎಲ್ಲ ಕುದಿಸಿದ್ದೆವು ಎಂದು ಬರೆದ ಹಾಳೆಗೆ ನಾನು ಸಹಿ ಮಾಡಿದೆ. ಮುಂದೆ ಸಂತೆಯಲ್ಲಿ ಸಿಕ್ಕ ಜೋಗಮ್ಮ "ನೀವಾರ ಏನ್ ಮಾಡ್ತೀರಣ್ಣಾ, ನಾವ ಅಮ್ಮನ ಹರಕಿ ತೀರಿಸಿದ್ದಿಲ್ಲ" ಎಂದು ತನ್ನನ್ನೇ ಬೈದುಕೊಂಡು ಅತ್ತಳು. ನಾನು ಹೌದೆಂಬಂತೆ ತಲೆಯಾಡಿಸಿದೆ. ಹಾಗೆ ತಲೆಯಾಡಿಸಿದ್ದೇ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ ಮಗಳೇ. ನಿನಗಾಗ ಒಂಬತ್ತು ವರ್ಷ. ಅವತ್ತು ಮನೆಗೆ ಬಂದಾಗ ನಿನ್ನ ತಲೆ ಸವರಲೂ ಕೈ ಬರಲಿಲ್ಲ.

ನಾಳೆ ಮಾಗಳಕ್ಕೆ ಹೋಗಿ ಬಂದು ಈ ಕಾಗದವನ್ನು ಡಬ್ಬಿಗೆ ಹಾಕುತ್ತೇನೆ. ಹತ್ತು ವರ್ಷ ತಡವಾಯಿತು, ಆದರೂ ಜೋಗಮ್ಮನಿಗೆ ಹೇಳಲೇಬೇಕು. ಹೋದ ಸಲ ನಾನು ಬರೆದದ್ದನ್ನು ಹರಿದುಹಾಕು. ಫೇಲ್ ಮಾಡಿದರೆ ಮಾಡಲಿ, ಮನೆಗೆ ಬಾ, ಪರೀಕ್ಷೆ ಮತ್ತೆ ಬರೆದರಾಯಿತು. ನಿನ್ನವ್ವ ಕೇಳಿದರೆ ಜವಾಬು ನನ್ನದು. ಬೀರಲಿಂಗೇಶ್ವರ ನಿನ್ನ ಬೆನ್ನಿಗಿರಲಿ, ನಾನೂ ಇರುತ್ತೇನೆ.

ನಿನ್ನ ಅಪ್ಪ,
ದೊಡ್ಡಬೀರಪ್ಪ

ತಾ.ಕ.: ಸೋಮವಾರ ಸಂಜೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲು ತೆಗೆಯುವ ಹೊತ್ತಾಯಿತು. ಈ ಕಾಗದ ಸಿಕ್ಕ ದಿನವೇ ಮೇಟ್ರನ್ ಹತ್ತಿರ ಹೋಗು, ಮರುದಿನಕ್ಕೆ ಇಡಬೇಡ. ಜೋಗಮ್ಮನಿಗೆ ಎಲ್ಲ ಹೇಳಿ ಈಗ ಬಂದೆ. ಅವಳು ಬೈಯಲಿಲ್ಲ, ಅಳಲೂ ಇಲ್ಲ. ಒಂದೇ ಮಾತು ಅಂದಳು: "ಇನ್ನಾ ಕುದ್ದಿಲ್ಲ ಅಂತ ಒಂದ್ ಮಾತು ಅಂದಿದ್ರ, ನಾನು ಅಲ್ಲೇ ಕುಂದರ್ತಿದ್ನಲ್ಲಣ್ಣಾ, ಸಂಜಿತನಕ."